ಕಳೆದುಕೊಂಡ ದೋಆಬ್, ಮರಳಿ ಪಡೆದ ದೋಆಬ್: ದಿವಾನ ಸಾಲಾರ್ ಜಂಗ್ ಮತ್ತು ರಾಯಚೂರು ಸೀಮೆ

1853ರ ಮೇ 21ರಂದು ನಿಜಾಮ ನಾಸಿರುದ್ದೌಲರು ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಿಂದ ಹೈದರಾಬಾದ್ ಸಂಸ್ಥಾನದ ಮೂರು ಸೀಮೆಗಳು ಕಂಪನಿಯ ಆಡಳಿತಕ್ಕೆ ಹೋದವು: ಬೇರಾರ್, ನಳದುರ್ಗ-ಧಾರಾಶಿವ ಭಾಗ, ಮತ್ತು ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್. ಒಪ್ಪಂದಕ್ಕೆ ಮೊಹರು ಬಿದ್ದ ಕೆಲವೇ ದಿನಗಳಲ್ಲಿ ದಿವಾನ ಸಿರಾಜುಲ್ ಮುಲ್ಕ್ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಅವರ ಸೋದರನ ಮಗ, 24 ವರ್ಷದ ಮೀರ್ ತುರಾಬ್ ಅಲಿ ಖಾನ್. ಚರಿತ್ರೆಯ ಪುಸ್ತಕಗಳು ಅವರನ್ನು ಒಂದನೆಯ ಸಾಲಾರ್ ಜಂಗ್ ಎಂದು ಕರೆಯುತ್ತವೆ. ರಾಯಚೂರು, ಮಾನ್ವಿ, ದೇವದುರ್ಗಗಳು ಸಂಸ್ಥಾನದ ಕೈತಪ್ಪಿದ ತಿಂಗಳಲ್ಲೇ ಅವರ ದಿವಾನಗಿರಿ ಆರಂಭವಾಯಿತು.

ಸಾಲಾರ್ ಜಂಗರು ಆಧುನಿಕ ಹೈದರಾಬಾದಿನ ನಿರ್ಮಾಪಕರು ಎಂಬ ಮಾತು ಸರ್ವಸಮ್ಮತ. ಗುತ್ತಿಗೆ ಕಂದಾಯವನ್ನು ತೆಗೆದರು, ಜಿಲ್ಲೆಗಳನ್ನು ಕಟ್ಟಿದರು, ಸಂಬಳದ ಅಧಿಕಾರಿಗಳನ್ನು ನೇಮಿಸಿದರು, ನ್ಯಾಯಾಲಯ ಮತ್ತು ಪೊಲೀಸ್ ವ್ಯವಸ್ಥೆಗೆ ರೂಪ ಕೊಟ್ಟರು. ಇಡೀ ಸಂಸ್ಥಾನಕ್ಕೆ ಅನ್ವಯಿಸಿ ಹೇಳುವಾಗ ಇದರಲ್ಲಿ ತಕರಾರಿಲ್ಲ. ಆದರೆ ಇದೇ ವಾಕ್ಯಗಳನ್ನು ರಾಯಚೂರು ಸೀಮೆಯ ಚರಿತ್ರೆಗೆ ಹಾಗೆಯೇ ತಂದು ಅಂಟಿಸಿದರೆ ಲೆಕ್ಕ ತಪ್ಪುತ್ತದೆ. ಅವರ ಅಧಿಕಾರದ ಮೊದಲ ಏಳು ವರ್ಷ ಈ ಸೀಮೆ ಅವರ ಕೈಯಲ್ಲೇ ಇರಲಿಲ್ಲ. ಇಲ್ಲಿ ಅವರ ಕೊಡುಗೆ ಯಾವುದು, ಅವರಿಗಿಂತ ಮೊದಲೇ ಇದ್ದದ್ದು ಯಾವುದು, ಅವರ ಹೆಸರಿಗೆ ಸುಮ್ಮನೆ ಜಮೆಯಾದದ್ದು ಯಾವುದು ಎಂದು ಬಿಡಿಸಿ ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

ಸಾಲಾರ್ ಜಂಗರ ಮನೆತನ ಮೊದಲು ಬಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿದ್ದು, ಆಮೇಲೆ ದಿಲ್ಲಿಯ ಬಾದಶಹರಲ್ಲಿ, ಕೊನೆಗೆ ನಿಜಾಮರಲ್ಲಿ ನೆಲೆ ಕಂಡದ್ದು. 19ನೇ ಶತಮಾನದ ಮೊದಲ ದಶಕದಲ್ಲಿ ದಿವಾನರಾಗಿದ್ದ ಮೀರ್ ಆಲಂ ಇದೇ ಬಳಗದವರು. ದೋಆಬ್ ಕೂಡ ಒಂದು ಕಾಲಕ್ಕೆ ಆದಿಲಶಾಹಿ ನೆಲವೇ. ವಿಜಯನಗರಕ್ಕೂ ಬಿಜಾಪುರಕ್ಕೂ ನಡುವೆ ಇದಕ್ಕಾಗಿ ನಡೆದ ಕಾದಾಟಗಳಲ್ಲಿ 1520ರ ರಾಯಚೂರು ಯುದ್ಧವನ್ನು ಎಲ್ಲರೂ ಬಲ್ಲರು. ಶಾಸನಗಳು ಇದನ್ನು ಎಡೆದೊರೆ ನಾಡು ಎನ್ನುತ್ತವೆ. 1853ರಲ್ಲಿ ಮಾತ್ರ ಇದು ಕೈಬದಲಾದದ್ದು ಯುದ್ಧದಿಂದಲ್ಲ, ಸಾಲದಿಂದ.

ಸಾಲದ ಮೂಲ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆ. ಹೆಸರು ನಿಜಾಮರದು, ಖರ್ಚೂ ನಿಜಾಮರದು, ಅಧಿಕಾರಿಗಳು ಮಾತ್ರ ಬ್ರಿಟಿಷರು. ಅದರ ಸಂಬಳ ವರ್ಷವರ್ಷವೂ ಬಾಕಿ ಉಳಿದು, ಕಂಪನಿಯೇ ಮುಂಗಡ ಕೊಡುತ್ತ, ಆ ಮುಂಗಡ ಸಾಲವಾಗಿ ಬೆಳೆಯಿತು. ಗವರ್ನರ್ ಜನರಲ್ ಡಾಲ್‌ಹೌಸಿ ಸಾಲಕ್ಕೆ ಬದಲಾಗಿ ಸುಮಾರು 50 ಲಕ್ಷ ರೂಪಾಯಿ ಹುಟ್ಟುವಳಿಯ ನೆಲವನ್ನೇ ಕೇಳಿದರು. ಹೈದರಾಬಾದಿನಲ್ಲಿ ಸಾಲ ಕೊಟ್ಟವನೇ ಹೊರಗಿನ ದೊರೆ. ನಾಡು ಮೂರು ಕಡೆ ಕತ್ತರಿಸಿಹೋಯಿತು. ಎಳೆಯ ದಿವಾನರಿಗೆ ದಕ್ಕಿದ್ದು ಖಾಲಿ ಖಜಾನೆ, ಅರಬ್ ಜಮಾದಾರರಿಗೂ ಸಾಹುಕಾರರಿಗೂ ಒತ್ತೆಬಿದ್ದ ತಾಲ್ಲೂಕುಗಳು.

ಒಂದು ಸೂಕ್ಷ್ಮವನ್ನು ಇಲ್ಲೇ ಹೇಳಬೇಕು. 1853ರ ಒಪ್ಪಂದದಲ್ಲಿ ನೆಲದ ಒಡೆತನ ಕಂಪನಿಗೆ ಹೋಗಲಿಲ್ಲ. ಆಡಳಿತವನ್ನು ವಹಿಸಿಕೊಟ್ಟದ್ದು, ಕಂಪನಿ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು, ಪಡೆಯ ಖರ್ಚು ಕಳೆದು ಉಳಿದದ್ದನ್ನು ನಿಜಾಮರಿಗೆ ಹಿಂದಿರುಗಿಸಬೇಕು. 1800ರಲ್ಲಿ ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ನಿಜಾಮರು ಬಿಟ್ಟುಕೊಟ್ಟಾಗ ಇಂಥ ಷರತ್ತು ಇರಲಿಲ್ಲ. ಅವು ಹೋದದ್ದು ಹೋಗಿಯೇಬಿಟ್ಟವು. ಸಾಲಾರ್ ಜಂಗರ ಮುಂದಿನ ಮೂವತ್ತು ವರ್ಷದ ಪತ್ರವ್ಯವಹಾರ ನಿಂತದ್ದು ಈ ವ್ಯತ್ಯಾಸದ ಮೇಲೆಯೇ.

1853ರಿಂದ 1860ರವರೆಗೆ ದೋಆಬ್ ಕಮಿಷನರು, ಡೆಪ್ಯುಟಿ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಲಿಂಗಸುಗೂರಿನಲ್ಲಿ ಕಂಟಿಂಜೆಂಟಿನ ಛಾವಣಿ. ಕಂದಾಯವನ್ನು ಗುತ್ತಿಗೆದಾರನಿಗೆ ಹರಾಜು ಹಾಕುವ ಪದ್ಧತಿ ಆ ವರ್ಷಗಳಲ್ಲೇ ಇಲ್ಲಿ ನಿಂತಿತು. ಸಂಬಳ ಪಡೆಯುವ ಅಧಿಕಾರಿ ನೇರವಾಗಿ ವಸೂಲಿ ಮಾಡತೊಡಗಿದ. ಊರೊಳಗಿನ ಯಂತ್ರ ಮಾತ್ರ ಹಳೆಯದೇ: ಗೌಡ, ಕುಲಕರ್ಣಿ, ತಳವಾರ. ದಫ್ತರ ಕಟ್ಟುವವನೂ ಕುಲಕರ್ಣಿಯೇ, ಹೊಲದ ಗುರುತು ಬಲ್ಲವನೂ ಅವನೇ. ಮಾನ್ವಿಯ ಕಪ್ಪು ನೆಲದ ರೈತನಿಗೆ ಮೇಲೆ ಕುಳಿತವನು ನಿಜಾಮನ ಗುತ್ತಿಗೆದಾರನೋ ಕಂಪನಿಯ ಕಮಿಷನರನೋ ಎಂಬುದು ತಿಳಿಯುತ್ತಿದ್ದುದು ಕುಲಕರ್ಣಿ ಕೇಳುವ ಹಣದ ಕಂತಿನಿಂದಲೇ. ಈ ಏಳು ವರ್ಷಗಳನ್ನು ನಮ್ಮ ಸ್ಥಳೀಯ ಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಗುತ್ತಿಗೆ ಪದ್ಧತಿಯನ್ನು ಸಾಲಾರ್ ಜಂಗರು ತೆಗೆದರು ಎಂಬ ಮಾತು ತೆಲಂಗಾಣಕ್ಕೂ ಮರಾಠವಾಡದ ಬಹುಭಾಗಕ್ಕೂ ಸರಿ. ರಾಯಚೂರಿಗೆ ಹೇಳುವಾಗ ಅದಕ್ಕೆ ತಿದ್ದುಪಡಿ ಬೇಕು.

ಈ ನಡುವೆ 1857 ಬಂತು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ಮುಂದಾಳತನದಲ್ಲಿ ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು. ದಾಳಿಯ ಸುಳಿವನ್ನು ದಿವಾನರು ರೆಸಿಡೆಂಟ್ ಡೇವಿಡ್‌ಸನ್‌ಗೆ ಮೊದಲೇ ಕೊಟ್ಟಿದ್ದರು. ಬ್ರಿಟಿಷರ ಕಣ್ಣಿನಲ್ಲಿ ಅವರ ಬೆಲೆ ಏರಿದ್ದು, ಊರಿನ ಒಂದು ವರ್ಗದ ಕಣ್ಣಿನಲ್ಲಿ ಇಳಿದದ್ದು ಆಗಲೇ. 1859ರ ಮಾರ್ಚ್‌ನಲ್ಲಿ ದರ್ಬಾರಿನಿಂದ ಹೊರಬರುತ್ತಿದ್ದ ದಿವಾನ ಮತ್ತು ರೆಸಿಡೆಂಟರ ಮೇಲೆ ಗುಂಡು ಹಾರಿತು. ಇಬ್ಬರೂ ಉಳಿದುಕೊಂಡರು.

ದೋಆಬಿನ ಮಟ್ಟಿಗೆ ಮುಖ್ಯವಾದದ್ದು ಕೃಷ್ಣೆಯ ಆಚೆ ದಡದಲ್ಲಿ ನಡೆದದ್ದು. ದೇವದುರ್ಗದ ಕಡೆಯಿಂದ ಹೊಳೆ ದಾಟಿದರೆ ಸುರಪುರದ ನಾಯಕರ ಸೀಮೆ. 1840ರ ದಶಕದಿಂದ ಫಿಲಿಪ್ ಮೆಡೋಸ್ ಟೇಲರ್ ಅಲ್ಲಿ ಎಳೆಯ ರಾಜ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನಡೆಸಿ, 1853ರಲ್ಲಿ ಅಧಿಕಾರ ಒಪ್ಪಿಸಿ ಹೊರಟುಹೋಗಿದ್ದ. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನಿಂದ ಹೊರಟ ವಿಂಡ್‌ಹ್ಯಾಮನ ತುಕಡಿಗೂ ಸುರಪುರದ ಬೇಡರ ಪಡೆಗೂ ಕಾಳಗವಾಗಿ, ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಪಡೆಗಳು ಬರುತ್ತಿವೆ ಎಂದು ತಿಳಿದಾಗ ನಾಯಕರು ಕೆಲವೇ ಜನರೊಂದಿಗೆ ಹೈದರಾಬಾದಿಗೆ ಹೋದರು. ಅಲ್ಲಿ ಅವರನ್ನು ಹಿಡಿಸಿ ರೆಸಿಡೆಂಟರಿಗೆ ಒಪ್ಪಿಸಿದವರು ಸಾಲಾರ್ ಜಂಗ್. ಮರಣದಂಡನೆ ಕರಿನೀರಾಯಿತು, ಕರಿನೀರು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ನಾಯಕರು ಗುಂಡೇಟಿನಿಂದ ಸತ್ತರು. ತಾವೇ ಹೊಡೆದುಕೊಂಡರು ಎಂಬುದು ಟೇಲರನ ಆತ್ಮಕಥೆಯ ಹೇಳಿಕೆ. ಅದು ಅವನು ತೀರಿಕೊಂಡ ಮೇಲೆ, 1877ರಲ್ಲಿ, ಮಗಳ ಕೈಯಿಂದ ಪ್ರಕಟವಾದದ್ದು. ಟೇಲರ್ ಒಳ್ಳೆಯ ಕತೆಗಾರ, ಠಕ್ಕರ ಬಗ್ಗೆ ಕಾದಂಬರಿ ಬರೆದು ಹೆಸರಾದವನು. ರಾಜನ ಜಾತಕದಲ್ಲಿ ಅಲ್ಪಾಯುಷ್ಯವಿತ್ತೆಂಬ ಪ್ರಸಂಗವನ್ನು ಅವನು ಹೆಣೆದಿರುವ ರೀತಿ ನೋಡಿದರೆ ಆ ಪುಟಗಳನ್ನು ದಾಖಲೆಯಂತೆ ಓದುವಾಗ ಎಚ್ಚರ ಬೇಕೆನಿಸುತ್ತದೆ. ಬಂಧನದ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ.

1858ರ ಬೇಸಗೆಯಲ್ಲಿ ಮುಂಡರಗಿ ಭೀಮರಾಯರು ಮತ್ತು ಹಮ್ಮಿಗೆಯ ಕೆಂಚನಗೌಡರು ಕೊಪ್ಪಳದ ಕೋಟೆ ಹಿಡಿದು, ಮೇಜರ್ ಹ್ಯೂಸ್‌ನ ಪಡೆಯೆದುರು ಹೋರಾಡಿ ಮಡಿದರು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಬಂಡಾಯದ ಚರಿತ್ರೆ ಬರೆಯುವವರು ಇದನ್ನು ಬ್ರಿಟಿಷರ ವಿರುದ್ಧದ ಹೋರಾಟವೆಂದು ಸರಿಯಾಗಿಯೇ ಬರೆಯುತ್ತಾರೆ. ಕೋಟೆಯ ಒಡೆಯರು ಯಾರು ಎಂಬ ಪ್ರಶ್ನೆ ಮಾತ್ರ ಬದಿಗೆ ಸರಿದುಹೋಗುತ್ತದೆ.

ಇನ್ನು 1860ರ ಡಿಸೆಂಬರ್ 26ರ ಒಪ್ಪಂದ. ರಾಯಚೂರು ದೋಆಬ್ ಮತ್ತು ನಳದುರ್ಗ ಸೀಮೆ ನಿಜಾಮರಿಗೆ ಹಿಂದಿರುಗಿದವು. 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ಸುರಪುರ ನಿಜಾಮರಿಗೆ ಬಂತು. ಇದನ್ನು 1857ರ ನಿಷ್ಠೆಗೆ ಬಂದ ಇನಾಮು ಎಂದು ಬರೆಯುವ ರೂಢಿಯಿದೆ. ಬಹುಮಟ್ಟಿಗೆ ಅದು ನಿಜ. ಆದರೆ ಇನಾಮಿಗೆ ಬೆಲೆಯೂ ಇತ್ತು. ಗೋದಾವರಿಯ ಎಡದಂಡೆಯ ಭದ್ರಾಚಲಂ ಕಡೆಯ ನೆಲವನ್ನು ನಿಜಾಮರು ಬಿಟ್ಟುಕೊಟ್ಟರು. ಬೇರಾರಿನಲ್ಲಿ 32 ಲಕ್ಷ ಹುಟ್ಟುವಳಿಯ ಭಾಗವನ್ನು ಬ್ರಿಟಿಷರು ಉಳಿಸಿಕೊಂಡರು. ಅದರ ಲೆಕ್ಕ ಕೇಳುವ ಹಕ್ಕನ್ನು ನಿಜಾಮರು ಬಿಟ್ಟರು. 1853ರಲ್ಲಿ ಪಡೆದಿದ್ದ ಮುಖ್ಯ ರಕ್ಷಣೆಯೆಂದರೆ ಆ ವಾರ್ಷಿಕ ಲೆಕ್ಕ. ರಾಯಚೂರು ಮರಳಿ ಬಂದದ್ದು ಅದರ ಬದಲಿಗೆ.

ಬ್ರಿಟಿಷರು ರಾಯಚೂರನ್ನು ಬಿಟ್ಟು ಬೇರಾರನ್ನು ಯಾಕೆ ಹಿಡಿದುಕೊಂಡರು? ಎರಡೂ ಎರೆಭೂಮಿ, ಎರಡರಲ್ಲೂ ಹತ್ತಿ. ಆದರೆ ಬೇರಾರಿನ ಹತ್ತಿ ಮುಂಬೈ ಬಂದರಿಗೆ ಹತ್ತಿರ, ವಿಸ್ತಾರವೂ ಹೆಚ್ಚು. ರೈಲುದಾರಿ ಆ ಕಡೆಗೇ ಸಾಗುತ್ತಿತ್ತು. ದೋಆಬ್ ಮಳೆಯನ್ನೇ ನೆಚ್ಚಿದ ಒಣ ಸೀಮೆ, ಸುತ್ತ ನಾಯಕರ ಕೋಟೆಗಳ ತಂಟೆ ಬೇರೆ. ಒಪ್ಪಂದವಾದ ಮರುವರ್ಷವೇ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿಯ ಬೆಲೆ ಆಕಾಶಕ್ಕೇರಿತು. ಆ ಏರಿಕೆ ಒಂದು ವರ್ಷ ಮೊದಲೇ ಬಂದಿದ್ದರೆ ರಾಯಚೂರು ಇಷ್ಟು ಸುಲಭವಾಗಿ ಮರಳುತ್ತಿತ್ತೇ ಎಂಬುದು ನನ್ನ ಗುಮಾನಿ. ಅದಕ್ಕೆ ದಾಖಲೆಯ ಬಲವಿದೆಯೆಂದು ಹೇಳಲಾರೆ, ಕಾಲದ ಹೊಂದಾಣಿಕೆ ಮಾತ್ರ ಗಮನಾರ್ಹ.

ದೇವದುರ್ಗದವರಿಗೆ ಈ ಒಪ್ಪಂದದ ಅರ್ಥ ಬೇರೆಯೇ. 1853ರಿಂದ 1858ರವರೆಗೆ ಕೃಷ್ಣೆ ಎರಡು ಆಳ್ವಿಕೆಗಳ ಗಡಿಯಾಗಿತ್ತು: ಈಚೆ ಕಂಪನಿ, ಆಚೆ ಸುರಪುರದ ನಾಯಕರು. 1860ರ ನಂತರ ಎರಡೂ ದಡ ನಿಜಾಮರದು. ದೇವದುರ್ಗವೇ ಒಂದು ಕಾಲಕ್ಕೆ ಬೇಡ ಪಾಳೆಯಗಾರರ ಗಟ್ಟಿ ನೆಲೆ. ಅಲ್ಲಿನ ಬಂಧುಬಳಗಕ್ಕೆ ಸುರಪುರ ಪರನಾಡಾಗಿರಲಿಲ್ಲ. ವೆಂಕಟಪ್ಪ ನಾಯಕರನ್ನು ಹಿಡಿದುಕೊಟ್ಟ ದಿವಾನರ ಸರ್ಕಾರಕ್ಕೇ ನಾಯಕರ ನಾಡು ಬಹುಮಾನವಾಗಿ ಸಂದಿತು ಎಂಬುದು ಈ ಕಡೆಯಲ್ಲಿ ಸಾಲಾರ್ ಜಂಗರ ಹೆಸರು ಯಾರ ಬಾಯಲ್ಲೂ ಉಳಿಯದಿರಲು ಒಂದು ಕಾರಣವಿರಬೇಕು. ಅವರ ದಕ್ಷತೆಯನ್ನು ಕೊಂಡಾಡುವ ಬರಹಗಳು ಸುರಪುರವನ್ನು ಅಡಿಟಿಪ್ಪಣಿಗೆ ತಳ್ಳಿವೆ; ನಾಯಕರ ಶೌರ್ಯ ಹೇಳುವ ಬರಹಗಳು ದಿವಾನರನ್ನು ಹೆಸರಿಲ್ಲದ ದ್ರೋಹಿಯಾಗಿ ಮಾಡಿವೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದದೆ ಈ ಸೀಮೆಯ ಚರಿತ್ರೆ ಬರೆಯಲಾಗದು.

1865ರ ಜಿಲ್ಲಾಬಂದಿಯಲ್ಲಿ ಇಡೀ ಸಂಸ್ಥಾನ ಜಿಲ್ಲೆಗಳಾಗಿ ಹಂಚಿಕೆಯಾಯಿತು. ಜಿಲ್ಲೆಗೆ ಅವ್ವಲ್ ತಾಲ್ಲೂಕುದಾರ, ಅವನ ಕೈಕೆಳಗೆ ದೋಯಂ ಮತ್ತು ಸೋಯಂ ತಾಲ್ಲೂಕುದಾರರು, ತಾಲ್ಲೂಕಿಗೆ ತಹಸೀಲ್ದಾರ. ನಮ್ಮ ಕಡೆಯ ಲೆಕ್ಕದಲ್ಲಿ ಅವ್ವಲ್ ತಾಲ್ಲೂಕುದಾರನೆಂದರೆ ಕಲೆಕ್ಟರನೇ. ದೋಆಬ್ ಎರಡು ಜಿಲ್ಲೆಗಳಾಗಿ ಒಡೆಯಿತು: ಮೂಡಣಕ್ಕೆ ರಾಯಚೂರು, ಪಡುವಣಕ್ಕೆ ಲಿಂಗಸುಗೂರು. ಮಾನ್ವಿ, ದೇವದುರ್ಗಗಳು ರಾಯಚೂರಿನ ತಾಲ್ಲೂಕುಗಳು, ಸುರಪುರ ಲಿಂಗಸುಗೂರಿಗೆ. 1905ರಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾಗಿ ಅದರ ದೋಆಬಿನ ತಾಲ್ಲೂಕುಗಳು ರಾಯಚೂರಿಗೆ ಸೇರಿದವು, ಸುರಪುರ ಕಲಬುರಗಿಗೆ ಹೋಯಿತು. ವಂಶಪಾರಂಪರ್ಯವಾಗಿ ವಸೂಲಿ ಮಾಡುತ್ತಿದ್ದ ದೇಶಮುಖ, ದೇಶಪಾಂಡೆಗಳ ಕೈಯಿಂದ ಆ ಕೆಲಸವನ್ನು ತೆಗೆದು, ಬದಲಿಗೆ ರುಸುಂ ಎಂಬ ನಗದು ಭತ್ಯೆ ಕೊಟ್ಟದ್ದು ದಿವಾನರ ಜಾಣತನ: ಅಧಿಕಾರ ಹೋಯಿತು, ಮುಖಭಂಗವಾಗಲಿಲ್ಲ. ಈ ಚೌಕಟ್ಟು ನಿಸ್ಸಂದೇಹವಾಗಿ ಸಾಲಾರ್ ಜಂಗರದು. ಆದರೆ 1860ರಲ್ಲಿ ಅವರ ಕೈಸೇರಿದ ರಾಯಚೂರು, ನಳದುರ್ಗಗಳು ಸಂಬಳದ ಅಧಿಕಾರಿ ಮತ್ತು ನೇರ ವಸೂಲಿಗೆ ಆಗಲೇ ಒಗ್ಗಿದ್ದ ಸೀಮೆಗಳು. ಐದು ವರ್ಷದ ನಂತರ ಇಡೀ ಸಂಸ್ಥಾನಕ್ಕೆ ಹಬ್ಬಿದ್ದು ಹೆಚ್ಚುಕಡಿಮೆ ಅದೇ ಮಾದರಿ. ಸುಧಾರಣೆ ಹೈದರಾಬಾದಿನಿಂದ ರಾಯಚೂರಿಗೆ ಹರಿಯಿತು ಎನ್ನುವುದಕ್ಕಿಂತ, ರಾಯಚೂರಿನ ಅನುಭವವೂ ಹೈದರಾಬಾದಿಗೆ ಹರಿಯಿತು ಎನ್ನುವುದು ನನಗೆ ಹೆಚ್ಚು ಸರಿಯಾಗಿ ಕಾಣುತ್ತದೆ.

ನಾಸಿರುದ್ದೌಲರ ನಂತರ ಬಂದ ಅಫ್ಜಲುದ್ದೌಲರು ದಿವಾನರನ್ನು ಅನುಮಾನದಿಂದಲೇ ನೋಡಿದವರು, ಹೆಜ್ಜೆಹೆಜ್ಜೆಗೂ ಮೇಲ್ವಿಚಾರಣೆ. 1869ರಲ್ಲಿ ಅವರು ತೀರಿಕೊಂಡು, ಮೂರು ವರ್ಷವೂ ತುಂಬದ ಮೀರ್ ಮಹಬೂಬ್ ಅಲಿ ಖಾನ್ ಗಾದಿಗೆ ಬಂದಾಗ ಸಾಲಾರ್ ಜಂಗ್ ಮತ್ತು ಅಮೀರೆ ಕಬೀರ್ ಜೋಡಿ ರೀಜೆಂಟರಾದರು. ದಿವಾನರಿಗೆ ಕೈಬಿಚ್ಚಿ ಕೆಲಸ ಮಾಡಲು ಸಿಕ್ಕಿದ್ದು ಕೊನೆಯ ಹದಿನಾಲ್ಕು ವರ್ಷ ಮಾತ್ರ.

ರಾಯಚೂರು ನಗರದ ಚಹರೆ ಬದಲಾದದ್ದು ಈ ಅವಧಿಯಲ್ಲಿ, ಆದರೆ ದಿವಾನರ ಯೋಜನೆಯಿಂದಲ್ಲ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ ರಾಯಚೂರಿನಲ್ಲಿ ಕೂಡಿದವು. ಎರಡೂ ಬ್ರಿಟಿಷ್ ಕಂಪನಿಗಳ ದಾರಿಗಳು; ನಿಜಾಮರ ರಾಜಧಾನಿಯನ್ನು ಬದಿಗೆ ಬಿಟ್ಟು ಹೋದವು. ವಾಡಿಯಿಂದ ಹೈದರಾಬಾದಿಗೆ ರೈಲು ಓಡಿದ್ದು 1874ರಲ್ಲಿ. ರಾಜಧಾನಿಗಿಂತ ಮೂರು ವರ್ಷ ಮೊದಲೇ ರಾಯಚೂರಿನವರು ರೈಲು ಹತ್ತಿದ್ದರು. ಪೇಟೆಯಲ್ಲಿ ಎರಡು ನಾಣ್ಯ ನಡೆಯುವುದೂ ಸಹಜವಾಯಿತು: ಟಿಕೆಟಿಗೆ ಬ್ರಿಟಿಷರ ಕಲ್ದಾರ್ ರೂಪಾಯಿ, ಸಂತೆಗೆ ನಿಜಾಮರ ಹಾಲಿ ಸಿಕ್ಕಾ. ಊರೂರಿನ ಟಂಕಸಾಲೆಗಳನ್ನು ಮುಚ್ಚಿ ಹಾಲಿ ಸಿಕ್ಕಾವನ್ನು ಸಂಸ್ಥಾನದ ಒಂದೇ ನಾಣ್ಯವಾಗಿ ನಿಲ್ಲಿಸಿದ್ದು ಸಾಲಾರ್ ಜಂಗರು. ಭಾರತದ ಒಕ್ಕೂಟಕ್ಕೆ ಸೇರಿದ ಮೇಲೂ ಕೆಲವು ವರ್ಷ ಅದು ಚಲಾವಣೆಯಲ್ಲಿತ್ತು.

1876ರಲ್ಲಿ ಬೇರಾರನ್ನು ಕೇಳಲು ಅವರು ಇಂಗ್ಲೆಂಡಿಗೆ ಹೋದರು. ಸನ್ಮಾನಗಳು ಸಿಕ್ಕವು, ಬೇರಾರ್ ಸಿಗಲಿಲ್ಲ. ಆ ಪ್ರವಾಸದಲ್ಲಿ ರೋಮಿನಲ್ಲಿ ಕೊಂಡ ಬೆಂಜೋನಿಯ ಅಮೃತಶಿಲೆಯ ರೆಬೆಕ್ಕಾ ಇಂದು ಹೈದರಾಬಾದಿನ ಮ್ಯೂಸಿಯಮ್ಮಿನಲ್ಲಿದೆ. ರಾಯಚೂರಿನ ಶಾಲಾ ಮಕ್ಕಳಿಗೆ ಸಾಲಾರ್ ಜಂಗ್ ಎಂದರೆ ಆ ಮ್ಯೂಸಿಯಂ, ಅಲ್ಲಿನ ಗಡಿಯಾರ. ಸಂಗ್ರಹದ ಬಹುಪಾಲು ಮೊಮ್ಮಗ ಮೂರನೆಯ ಸಾಲಾರ್ ಜಂಗರದು ಎಂಬುದು ಬೇರೆ ಮಾತು. ದಿವಾನರು ಹಿಂದಿರುಗಿದ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಸಂಸ್ಥಾನದ ಕನ್ನಡ ಜಿಲ್ಲೆಗಳು ಹೆಚ್ಚು ನಲುಗಿದವು. ಕಂದಾಯವನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಆಡಳಿತ ನೀರಿನ ಬಗ್ಗೆ ದೋಆಬಿನಲ್ಲಿ ಹೆಚ್ಚೇನೂ ಮಾಡಿರಲಿಲ್ಲ. ಕೆರೆ ದುರಸ್ತಿಯ ದುಡ್ಡೆಲ್ಲ ಕೆರೆಗಳಿರುವ ತೆಲಂಗಾಣದ ಕಡೆಗೇ ಹರಿಯುವುದು ಸಹಜವಾಗಿತ್ತು. 1883ರ ಫೆಬ್ರವರಿ 8ರಂದು ಸಾಲಾರ್ ಜಂಗ್ ಕಾಲರಾದಿಂದ ತೀರಿಕೊಂಡರು. ಅವರ ಕಾಲದುದ್ದಕ್ಕೂ ಸರ್ಕಾರದ ಭಾಷೆ ಪಾರ್ಸಿ. ಕನ್ನಡದ ರೈತನ ಅರ್ಜಿ ತಾಲ್ಲೂಕು ಕಚೇರಿ ದಾಟುವಷ್ಟರಲ್ಲಿ ಅವನಿಗೇ ತಿಳಿಯದ ಭಾಷೆಗೆ ತಿರುಗಿರುತ್ತಿತ್ತು. ಅವರು ತೀರಿಕೊಂಡ ಮೇಲೆ ಪಾರ್ಸಿಯ ಜಾಗಕ್ಕೆ ಉರ್ದು ಬಂತೇ ಹೊರತು ಕನ್ನಡವಲ್ಲ.

ಹಾಗಾದರೆ ಈ ಸೀಮೆಯಲ್ಲಿ ದಿವಾನರ ಅತಿ ದೊಡ್ಡ ಪರಿಣಾಮ ಯಾವುದು? 1860ರ ಮರಳಿಕೆಯೇ. ಅದಾಗದಿದ್ದರೆ ದೋಆಬ್ ಬೇರಾರಿನಂತೆ ಬ್ರಿಟಿಷರ ಕೈಯಲ್ಲೇ ಉಳಿದು ಮುಂಬೈ ಅಥವಾ ಮದ್ರಾಸ್ ಆಡಳಿತಕ್ಕೆ ಸೇರಿಹೋಗುವ ಸಾಧ್ಯತೆ ಹೆಚ್ಚಿತ್ತು. ಆಗ 1948ರ ಪೊಲೀಸ್ ಕಾರ್ಯಾಚರಣೆ ರಾಯಚೂರಿನ ಅನುಭವವಾಗುತ್ತಿರಲಿಲ್ಲ. 1956ರ ನವೆಂಬರ್ 1ರಂದು ಆಲಂಪುರ, ಗದ್ವಾಲಗಳನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಹೈದರಾಬಾದ್ ರಾಜ್ಯದಿಂದ; ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ನಿಂತಿರುವುದೂ ಆ ಹಿನ್ನೆಲೆಯ ಮೇಲೆ. 1800ರಲ್ಲೇ ನಿಜಾಮರ ಕೈಬಿಟ್ಟಿದ್ದ ಬಳ್ಳಾರಿಯೂ ಈಗ ಆ ಸ್ಥಾನಮಾನ ಪಡೆದ ಜಿಲ್ಲೆಗಳ ಪಟ್ಟಿಯಲ್ಲಿದೆ ಎಂಬುದನ್ನು ನೋಡಿದರೆ ಚರಿತ್ರೆಯ ವಾದ ಎಲ್ಲಿಗೆ ನಿಲ್ಲುತ್ತದೆ, ರಾಜಕಾರಣದ ವಾದ ಎಲ್ಲಿಂದ ಹೊರಡುತ್ತದೆ ಎಂಬುದು ಕಾಣುತ್ತದೆ.

ನೀರಿನ ಲೆಕ್ಕ ಇನ್ನೂ ಕುತೂಹಲದ್ದು. ತುಂಗಭದ್ರೆಗೆ ದೊಡ್ಡ ಅಣೆಕಟ್ಟೆಯ ಯೋಚನೆಯನ್ನು ಸರ್ ಆರ್ಥರ್ ಕಾಟನ್ ಮುಂದಿಟ್ಟದ್ದೂ 1860ರಲ್ಲೇ. ಆ ವರ್ಷದ ಕೊನೆಗೆ ಎಡದಂಡೆ ನಿಜಾಮರಿಗೆ ಮರಳಿತು. ಬಲದಂಡೆ ಮದ್ರಾಸಿನದಾಗಿಯೇ ಉಳಿಯಿತು. ಒಂದೇ ಸರ್ಕಾರದ ಕೆಲಸವಾಗಬಹುದಾಗಿದ್ದ ಅಣೆಕಟ್ಟೆ ಎರಡು ಸರ್ಕಾರಗಳ ಪಾಲುಗಾರಿಕೆಯ ವ್ಯವಹಾರವಾಗಿ, ಒಪ್ಪಂದಕ್ಕೆ 1944ರವರೆಗೆ ಕಾಯಬೇಕಾಯಿತು. 1945ರಲ್ಲಿ ಅಡಿಗಲ್ಲು ಬಿತ್ತು. ಅದೇ ಪಾಲುಗಾರಿಕೆಯಿಂದಲೇ ಎಡದಂಡೆಗೆ ತನ್ನದೇ ಆದ ಕಾಲುವೆ, ತನ್ನದೇ ಆದ ನೀರಿನ ಹಕ್ಕು ಗಟ್ಟಿಯಾಯಿತು. ಇಂದು ಮಾನ್ವಿಯ ಭತ್ತದ ಗದ್ದೆಗಳು ಆ ಎಡದಂಡೆ ಕಾಲುವೆಯ ಕೆಳಭಾಗದಲ್ಲಿವೆ. ಮೇಲಿನವರು ಬಿಟ್ಟಷ್ಟು ನೀರು ಎಂಬ ಜಗಳ ಅಲ್ಲಿ ಪ್ರತಿ ಹಂಗಾಮಿನದು. ಕಾಲುವೆ ತಡವಾದದ್ದಕ್ಕೂ ಬಂದದ್ದಕ್ಕೂ 1860ರ ಒಪ್ಪಂದದ ನಂಟಿದೆಯೆಂದು ವಾದಿಸಬಹುದು. ದೇವದುರ್ಗದ ವಿಷಯದಲ್ಲಿ ಅಷ್ಟು ದೂರ ಎಳೆಯಲಾಗದು. ಅಲ್ಲಿಗೆ ನೀರು ಬರುವುದು ಕೃಷ್ಣೆಯ ನಾರಾಯಣಪುರದಿಂದ. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದ ಮೇಲ್ದಂಡೆ ಯೋಜನೆಯ ಭಾಗ ಅದು. ಅದನ್ನು ದಿವಾನರ ಖಾತೆಗೆ ಯಾವ ದಾರಿಯಿಂದಲೂ ಬರೆಯುವಂತಿಲ್ಲ.